ಕೌಂಟರ್‌ನಲ್ಲಿರೋರು ಪಹಣಿ ಯಾಕೆ ತಿದ್ದಲ್ಲ?

ರಜೆಗೆ ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಗೆ ಹೋಗಿದ್ದಾಗ ತಾತ ಕೇಳಿದ್ರು: "ಪಹಣಿ ಕೊಡೋ ಹುಡುಗನ ಮುಂದೇನೇ ಕಂಪ್ಯೂಟರ್ ಇರುತ್ತೆ. ಜಮೀನು ನಿಮ್ಮಪ್ಪನ ಹೆಸರಿಗೆ ಮಾಡಪ್ಪ ಅಂದ್ರೆ ನನ್ನ ಕೈಲಾಗಲ್ಲ ಅಂತಾನೆ. ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಯಾಕೆ ಆಗಲ್ಲ ಹೇಳು ಮಗ."

ಉತ್ತರ ನಮ್ಮ ಸಿಲಬಸ್‌ನಲ್ಲೇ ಇದೆ: ಯೂಸರ್ ರೋಲ್ ಮತ್ತು ಪರ್ಮಿಷನ್.

ನಮ್ಮ ರಾಜ್ಯದ ಪಹಣಿಗಳನ್ನ ಕಂಪ್ಯೂಟರಿಗೆ ತಂದಿದ್ದು 'ಭೂಮಿ' ಯೋಜನೆ. 2000ದ ಆಸುಪಾಸಿನಲ್ಲಿ ಶುರುವಾಗಿ, ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಇದರೊಳಗೆ ಬಂದವು. ಸಾಫ್ಟ್‌ವೇರ್ ಮಾಡಿದ್ದು ಎನ್‌ಐಸಿ. ಅದಕ್ಕೂ ಮುಂಚೆ ಸುಮಾರು 9,000 ಗ್ರಾಮ ಲೆಕ್ಕಿಗರ ಹತ್ರ ಕೈಬರಹದ ಪುಸ್ತಕಗಳಿದ್ದವು. ಪುಸ್ತಕ ಯಾರ ಕೈಲಿದೆಯೋ ಓದೋದೂ ಅವರೇ, ಬರೆಯೋದೂ ಅವರೇ. ನಮ್ಮ ಭಾಷೇಲಿ ಹೇಳಿದ್ರೆ, ಎಲ್ಲರೂ ಅಡ್ಮಿನ್!

ಭೂಮಿಯಲ್ಲಿ ಈ ಕೆಲಸವನ್ನ ಒಡೆದು ಹಂಚಿದ್ರು. ಕೌಂಟರ್‌ನಲ್ಲಿ ಕೂತವರು ಪಹಣಿ ಪ್ರಿಂಟ್ ಕೊಡಬಹುದು, ಖಾತೆ ಬದಲಾವಣೆ ಅರ್ಜಿ ಎಂಟ್ರಿ ಮಾಡಬಹುದು, ಅಷ್ಟೇ. ಆಮೇಲೆ ಗ್ರಾಮ ಲೆಕ್ಕಿಗರು (ಈಗ ಗ್ರಾಮ ಆಡಳಿತಾಧಿಕಾರಿಗಳು) ಸಂಬಂಧಪಟ್ಟವರಿಗೆ ನೋಟಿಸ್ ಮುಟ್ಟಿಸಬೇಕು. ತಕರಾರು ಬರದಿದ್ರೆ ಕಂದಾಯ ನಿರೀಕ್ಷಕರು ಆದೇಶ ಮಾಡ್ತಾರೆ, ಆಗಲೇ ಪಹಣಿಯಲ್ಲಿ ಹೆಸರು ಬದಲಾಗೋದು. ಅರ್ಜಿಗಳನ್ನ ಬಂದ ಸರದಿಯಲ್ಲೇ ತಗೋಬೇಕು ಅಂತಲೂ ಸಾಫ್ಟ್‌ವೇರ್‌ನಲ್ಲೇ ಕಟ್ಟು ಹಾಕಿದ್ರು. (ಡೇಟಾ ಸ್ಟ್ರಕ್ಚರ್ಸ್‌ನ ಕ್ಯೂ ನೆನಪಾಯ್ತಾ?) ಎಂಟ್ರಿ ಮಾಡೋರು ಬೇರೆ, ಒಪ್ಪಿಗೆ ಕೊಡೋರು ಬೇರೆ. ತಾತನ ಜಮೀನನ್ನ ಇನ್ಯಾರೋ ಒಬ್ಬರೇ ಕೂತು ತಮ್ಮ ಹೆಸರಿಗೆ ಮಾಡ್ಕೊಳ್ಳದ ಹಾಗೆ ಇರೋ ಬೇಲಿ ಇದು.

ಇಲ್ಲಿ ಪರ್ಮಿಷನ್ ಸಿಗೋದು ಮನುಷ್ಯನಿಗಲ್ಲ, ಕುರ್ಚಿಗೆ. ಆ ಕುರ್ಚಿಯೇ ರೋಲ್. ನಿರೀಕ್ಷಕರಿಗೆ ವರ್ಗ ಆದ್ರೆ ಅವರನ್ನ ಆ ರೋಲ್‌ನಿಂದ ತೆಗೆದು ಹೊಸಬರನ್ನ ಸೇರಿಸಿದ್ರೆ ಮುಗೀತು, ಪರ್ಮಿಷನ್‌ಗಳನ್ನ ಒಂದೊಂದಾಗಿ ಮುಟ್ಟೋ ಹಾಗಿಲ್ಲ. ಈ ಮಾದರಿಯನ್ನ 1992ರಲ್ಲಿ ಅಮೆರಿಕದ ಫೆರಾಯೊಲೊ ಮತ್ತು ಕುನ್ ಪ್ರಬಂಧವಾಗಿ ಬರೆದ್ರು. ಇವತ್ತು ದೊಡ್ಡ ಕಂಪನಿಗಳ ಎಸ್‌ಎಪಿಯಿಂದ ಅಂಗಡಿ ಲೆಕ್ಕದ ಟ್ಯಾಲಿವರೆಗೆ ಎಲ್ಲ ಕಡೆ ಇದೇ ತರ್ಕ.

ಆದ್ರೆ ಪಾಸ್‌ವರ್ಡ್ ಚೀಟಿ ಕೀಬೋರ್ಡ್ ಕೆಳಗಿದ್ರೆ ಎಷ್ಟು ರೋಲ್ ಮಾಡಿದ್ರೂ ದಂಡ. ಅದಕ್ಕೇ ಭೂಮಿಯಲ್ಲಿ ಲಾಗಿನ್‌ಗೆ ಬೆರಳಚ್ಚು ತಂದ್ರು. ಯಾರು ಏನು ಮಾಡಿದ್ರು ಅನ್ನೋದು ಲಾಗ್‌ನಲ್ಲಿ ಉಳಿಯುತ್ತೆ, ನಾನಲ್ಲ ಅನ್ನೋದು ಕಷ್ಟ. ನಮ್ಮ ಮಿನಿ ಪ್ರಾಜೆಕ್ಟಲ್ಲಿ ನಾಲ್ಕೂ ಜನ ಒಂದೇ ಅಡ್ಮಿನ್ ಲಾಗಿನ್ ಇಟ್ಕೊಂಡಿದ್ವಿ. ಡೆಮೊ ಹಿಂದಿನ ರಾತ್ರಿ ಟೇಬಲ್ ಒಂದು ಮಾಯ. ಯಾರು ಡಿಲೀಟ್ ಮಾಡಿದ್ದು ಅಂತ ಇವತ್ತಿಗೂ ಗೊತ್ತಿಲ್ಲ. ನನಗೆ ನನ್ನ ಮೇಲೇ ಅನುಮಾನ.

ಇದೆಲ್ಲ ಕೇಳಿ ತಾತ ಅಂದ್ರು, "ಸರಿ, ಆ ನಿರೀಕ್ಷಕರು ರಜಾ ಹಾಕಿದ್ರೆ?" ಒಳ್ಳೇ ಪ್ರಶ್ನೆ. ಆಗ ಅವರ ರೋಲನ್ನ ಇನ್ನೊಬ್ಬ ಅಧಿಕಾರಿಗೆ, ಕೊನೇ ದಿನಾಂಕ ಹಾಕಿ, ತಾತ್ಕಾಲಿಕವಾಗಿ ಕೊಡಬೇಕು. ಆ ದಿನಾಂಕ ಹಾಕೋದನ್ನ ಮರೆತ್ರೆ, ರಜಾ ಮುಗಿದ್ಮೇಲೂ ಒಪ್ಪಿಗೆ ಕೊಡೋ ಅಧಿಕಾರ ಇಬ್ಬರ ಹತ್ರ ಉಳ್ಕೊಳ್ಳುತ್ತೆ.