ತೊಗರಿ ಹೊಟ್ಟಿನಿಂದ ನೀರಿನ ಶುದ್ಧಿ: ಸಾಧ್ಯತೆ ಎಷ್ಟು, ಮಿತಿ ಎಷ್ಟು?

ಕಲಬುರಗಿ: ತೊಗರಿ ವ್ಯಾಪಾರಕ್ಕೆ ಹೆಸರಾದ ನಗರದ ನೆಹರು ಗಂಜ್‌ಗೆ ಉಳಿಕೆ ಪದಾರ್ಥಗಳು ಹೊಸತೇನಲ್ಲ. ತೊಗರಿಯನ್ನು ಬೇಳೆ ಮಾಡುವಾಗ ಸುಮಾರು ಕಾಲು ಭಾಗ ಹೊಟ್ಟು, ನುಚ್ಚು, ಪುಡಿಯಾಗಿ ಉಳಿಯುತ್ತದೆ. ಹೊಲದಲ್ಲಿ ತೊಗರಿ ಕಟ್ಟಿಗೆ ಉಳಿಯುತ್ತದೆ. ನೀರಿನ ಕೊಳೆಯನ್ನು ಹಿಡಿದಿಡುವ ವಸ್ತುಗಳನ್ನು ಇಂಥ ಉಳಿಕೆಗಳಿಂದಲೇ ತಯಾರಿಸಬಹುದು.

ಈ ಹಿಡಿತಕ್ಕೆ ರಸಾಯನಶಾಸ್ತ್ರದಲ್ಲಿ ಅಧಿಶೋಷಣೆ ಎಂದು ಹೆಸರು. ಹೀರಿಕೆಯಲ್ಲಿ ಒಂದು ವಸ್ತು ಮತ್ತೊಂದರ ಒಡಲೊಳಗೆ ಸೇರುತ್ತದೆ. ಅಧಿಶೋಷಣೆಯಲ್ಲಿ ಅದು ಮೇಲ್ಮೈಗೆ ಮಾತ್ರ ಅಂಟಿಕೊಳ್ಳುತ್ತದೆ. ಆದ್ದರಿಂದ ಮೇಲ್ಮೈ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಹೊಟ್ಟು, ಕಟ್ಟಿಗೆ ಅಥವಾ ತೆಂಗಿನ ಚಿಪ್ಪನ್ನು ಗಾಳಿಯಾಡದಂತೆ ಕಾಯಿಸಿ ಇದ್ದಿಲಾಗಿಸಿ, ಬಳಿಕ 800ರಿಂದ 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಬೆ ಹಾಯಿಸಿದರೆ ಅದರಲ್ಲಿ ಅಸಂಖ್ಯ ಸೂಕ್ಷ್ಮ ರಂಧ್ರಗಳು ತೆರೆದುಕೊಳ್ಳುತ್ತವೆ. ಉತ್ತಮ ಸಕ್ರಿಯ ಇದ್ದಿಲಿನ ಒಂದೇ ಗ್ರಾಂನಲ್ಲಿ 500ರಿಂದ 1,500 ಚದರ ಮೀಟರ್ ಮೇಲ್ಮೈ ಇರುತ್ತದೆ.

ಕೆಲವೊಮ್ಮೆ ಸುಡುವ ಅಗತ್ಯವೂ ಇಲ್ಲ. ಕಮಲಾಪುರ ಕೆಂಪು ಬಾಳೆಗೆ ಪ್ರಸಿದ್ಧ. ಒಣಗಿಸಿ ಪುಡಿ ಮಾಡಿದ ಬಾಳೆಸಿಪ್ಪೆ ಸೀಸ, ತಾಮ್ರದಂಥ ಲೋಹಗಳನ್ನು ನೀರಿನಿಂದ ಸೆಳೆದುಕೊಳ್ಳುತ್ತದೆ ಎಂಬುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ.

ಆದರೆ ಒಂದೇ ಮದ್ದು ಎಲ್ಲ ರೋಗಕ್ಕೂ ಆಗದು. ಕಲಬುರಗಿ, ಯಾದಗಿರಿ ಜಿಲ್ಲೆಗಳ ಹಲವು ಕೊಳವೆಬಾವಿಗಳನ್ನು ಕಾಡುವುದು ಫ್ಲೋರೈಡ್. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ. ಬಣ್ಣ, ವಾಸನೆ, ಕೀಟನಾಶಕಗಳನ್ನು ಚೆನ್ನಾಗಿ ಹಿಡಿಯುವ ಸಾಮಾನ್ಯ ಇದ್ದಿಲು ಫ್ಲೋರೈಡನ್ನು ಅಷ್ಟಾಗಿ ಹಿಡಿಯದು. ಅದಕ್ಕೆ ಅಲ್ಯೂಮಿನಿಯಂ ಅಥವಾ ಕ್ಯಾಲ್ಸಿಯಂ ಸಂಯುಕ್ತಗಳ ಲೇಪ ಬೇಕು. ಅಲ್ಲದೆ, ಪ್ರಯೋಗಾಲಯದ ನೀರಿನಲ್ಲಿ ಹೆಚ್ಚಾಗಿ ಒಂದೇ ಮಾಲಿನ್ಯವಿದ್ದರೆ, ಬಾವಿಯ ನೀರಿನಲ್ಲಿ ಇತರ ಲವಣಗಳೂ ಅದೇ ಮೇಲ್ಮೈಗೆ ಪೈಪೋಟಿ ನಡೆಸುತ್ತವೆ.

‘ತ್ಯಾಜ್ಯ’ ಎಂಬ ಮಾತನ್ನೂ ಎಚ್ಚರದಿಂದ ಬಳಸಬೇಕು. ತೊಗರಿ ಹೊಟ್ಟು ದನಕರುಗಳ ಮೇವು. ಕಟ್ಟಿಗೆ ಬಡವರ ಒಲೆಯ ಉರುವಲು. ಅವನ್ನು ಕಾರ್ಖಾನೆಗೆ ಸಾಗಿಸಿದರೆ ಮೇವು, ಉರುವಲಿನ ಬೆಲೆ ಏರಬಹುದು. ನಿಜವಾಗಿ ಮಿಕ್ಕದ್ದನ್ನು, ಹೊಲದಲ್ಲೇ ಸುಟ್ಟುಹಾಕುವುದನ್ನು ಮಾತ್ರ ಬಳಸುವುದು ಲೇಸು.

ಕೊನೆಯ ಪ್ರಶ್ನೆ ವಿಲೇವಾರಿಯದು. ಅಧಿಶೋಷಣೆಯಿಂದ ವಿಷ ನಾಶವಾಗುವುದಿಲ್ಲ, ಅದರ ಸ್ಥಳ ಬದಲಾಗುತ್ತದೆ ಅಷ್ಟೇ. ಬಳಸಿ ಬಿಟ್ಟ ಪುಡಿಯನ್ನು ಬಯಲಿಗೆ ಸುರಿದರೆ ಮಳೆನೀರಿನೊಡನೆ ಅದು ಮತ್ತೆ ಅಂತರ್ಜಲ ಸೇರುವ ಅಪಾಯವಿದೆ. ಅಗ್ಗದ ಶೋಧಕವನ್ನು ಊರಿಗೆ ಕೊಡುವ ಮುನ್ನ, ಅದು ತುಂಬಿದ ಮೇಲೆ ಎಲ್ಲಿಗೆ ಹೋಗಬೇಕೆಂಬುದೂ ನಿಶ್ಚಯವಾಗಿರಬೇಕು.