ಮನೆ ಬದಲಾಯಿತು, ಅಂಚೆಗೆ ತಿಳಿಸಿದಿರಾ?

ಹೊಸ ಮನೆಗೆ ಹೋಗುವಾಗ ಒಳ್ಳೆಯ ದಿನ ನೋಡುತ್ತೇವೆ, ಹಾಲು ಉಕ್ಕಿಸುತ್ತೇವೆ. ಅಂಚೆ ಕಚೇರಿ ಮಾತ್ರ ನೆನಪಾಗುವುದಿಲ್ಲ.

ರಾಯದುರ್ಗದಲ್ಲಿದ್ದು ಮಗಳ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಿರಿ. ಅದು ಬರುವ ಮೊದಲೇ ಮಡಕಶಿರಾಕ್ಕೆ ಸಾಮಾನು ಸಾಗಿಸಿದಿರಿ ಎನ್ನೋಣ. ಪೊಲೀಸ್ ವಿಚಾರಣೆ ನಡೆಯುವುದು ಅರ್ಜಿಯಲ್ಲಿರುವ ವಿಳಾಸಕ್ಕೆ. ಬಾಗಿಲಿಗೆ ಬೀಗ ಕಂಡರೆ ‘ಇಲ್ಲಿ ವಾಸವಿಲ್ಲ’ ಎಂಬ ವರದಿ ಹೋಗಬಹುದು. ಪಾಸ್‌ಪೋರ್ಟ್ ಬರುವುದು ಸ್ಪೀಡ್ ಪೋಸ್ಟಿನಲ್ಲಿ. ಗುರುತಿನ ಚೀಟಿ ನೋಡಿ ಅರ್ಜಿದಾರರ ಕೈಗೇ ಕೊಡುವುದು ನಿಯಮ. ಪಕ್ಕದ ಮನೆಯವರು ಎಷ್ಟೇ ಬೇಕಾದವರಾಗಿರಲಿ, ಅವರಿಗೆ ಕೊಡುವಂತಿಲ್ಲ. ಆಳು ಸಿಗದಿದ್ದರೆ ಅದು ಪಾಸ್‌ಪೋರ್ಟ್ ಕಚೇರಿಗೇ ವಾಪಸು. ಒಂದು ತಿಂಗಳ ಬಾಡಿಗೆ ಹೆಚ್ಚಾದರೂ ಹಳೆಯ ಮನೆಯನ್ನು ಅಷ್ಟು ದಿನ ಇಟ್ಟುಕೊಳ್ಳುವುದೇ ಅಗ್ಗ ಎಂದು ನನ್ನ ಲೆಕ್ಕ. ಹೊರಡಲೇಬೇಕಿದ್ದರೆ ಪಾಸ್‌ಪೋರ್ಟ್ ಕಚೇರಿಗೆ ಮೊದಲೇ ತಿಳಿಸಿ.

ವಿಳಾಸ ಬರೆಯುವಾಗಲೂ ಎಚ್ಚರ. ರಾಯದುರ್ಗ (ಪಿನ್ 515865) ಅನಂತಪುರ ಜಿಲ್ಲೆಯಲ್ಲೇ ಇದೆ. ಮಡಕಶಿರಾ (515301) 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ನಮ್ಮ ಕೈ ಮಾತ್ರ ಈಗಲೂ ಅನಂತಪುರವೆಂದೇ ಬರೆಯುತ್ತದೆ!

ಅಮೆರಿಕದಲ್ಲಿರುವ ಮಕ್ಕಳಿಗೂ ಇದನ್ನು ಓದಿ ಹೇಳಿ. ಅಲ್ಲಿನ ಪೌರತ್ವ ಇಲ್ಲದವರು ಮನೆ ಬದಲಾಯಿಸಿದ 10 ದಿನದೊಳಗೆ ವಲಸೆ ಇಲಾಖೆಗೆ ಹೊಸ ವಿಳಾಸ ಕೊಡಬೇಕು. ಗ್ರೀನ್ ಕಾರ್ಡಿನ ಲಕೋಟೆಯನ್ನು ಅಂಚೆಯವರು ಹೊಸ ಮನೆಗೆ ತಿರುಗಿಸುವುದಿಲ್ಲ, ಹಿಂದಕ್ಕೇ ಕಳಿಸುತ್ತಾರೆ. ಮಗ ಫೋನಿನಲ್ಲಿ ‘ಪೋಸ್ಟಿನವರಿಗೆ ಹೇಳಿದ್ದೇನಮ್ಮಾ’ ಎಂದರೆ, ಎಆರ್-11 ನಮೂನೆ ತುಂಬಿದೆಯಾ ಎಂದು ಕೇಳಿ.