ಸುಮ್ಮನಿರದ ಕೈಗಳಿಗೊಂದು ಕೌದಿ

ಜೀವಮಾನವಿಡೀ ಅಡಿಕೆ ಸುಲಿದ, ಬೀಡಿ ಕಟ್ಟಿದ, ಹೂ ಪೋಣಿಸಿದ ಕೈಗಳು ವಯಸ್ಸಾಯಿತೆಂದು ಸುಮ್ಮನೆ ಕುಳಿತುಕೊಳ್ಳುವುದಿಲ್ಲ. ಮನೆಗಳ ಭೇಟಿಗೆ ಹೋದಾಗ ನಾವು ಇದನ್ನು ಆಗಾಗ ಕಾಣುತ್ತೇವೆ. ಅಜ್ಜಿ ಸೆರಗಿನ ಅಂಚನ್ನು ಸುರುಳಿ ಸುತ್ತುತ್ತಲೇ ಇರುತ್ತಾರೆ. ಅಜ್ಜ ಹೊದಿಕೆಯ ನೂಲು ಕೀಳುತ್ತಾರೆ, ಅಂಗಿಯ ಬಟನ್ ಕಿತ್ತು ಹಾಕುತ್ತಾರೆ. ಮನೆಯವರು "ಅರಳುಮರಳು" ಎಂದು ಗದರಿಸುತ್ತಾರೆ. ಬೇಸತ್ತು ಕೈ ಕಟ್ಟಿಹಾಕುವವರೂ ಉಂಟು. ಕಟ್ಟಿದರೆ ಗಾಬರಿ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಇದು ಹಠವಲ್ಲ

ಇದು ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆಯ ಲಕ್ಷಣವಾಗಿರಬಹುದು. ಅದರ ಮುಖ್ಯ ಕಾರಣ, ಜರ್ಮನಿಯ ವೈದ್ಯ ಆಲ್ಝೈಮರ್ 1906ರಲ್ಲಿ ಮೊದಲು ವಿವರಿಸಿದ ರೋಗ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ, ನಮ್ಮ ದೇಶದಲ್ಲಿ 60 ವರ್ಷ ದಾಟಿದವರಲ್ಲಿ ನೂರಕ್ಕೆ 7ಕ್ಕಿಂತ ಹೆಚ್ಚು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ.

ಮೊದಲು ವೈದ್ಯರಿಗೆ ತೋರಿಸಬೇಕು. ಥೈರಾಯ್ಡ್ ತೊಂದರೆ ಅಥವಾ ಬಿ12 ಜೀವಸತ್ವದ ಕೊರತೆಯಿಂದ ಬಂದ ಮರೆವು ಚಿಕಿತ್ಸೆಯಿಂದ ಸುಧಾರಿಸಬಹುದು. ಚಡಪಡಿಕೆ ಇದ್ದಕ್ಕಿದ್ದಂತೆ ಹೆಚ್ಚಿದರೆ ಮೂತ್ರದ ಸೋಂಕು, ಮಲಬದ್ಧತೆ, ನೋವು ಅಥವಾ ಬಾಯಾರಿಕೆ ಇರಬಹುದು. ಬಾಯಿಬಿಟ್ಟು ಹೇಳಲಾರದವರು ಕೈಯಿಂದ ಹೇಳುತ್ತಾರೆ.

ಇವೆಲ್ಲ ನೋಡಿಯಾದ ಮೇಲೂ ಕೈಗಳು ಕೆಲಸ ಹುಡುಕುತ್ತಿದ್ದರೆ, ಕೆಲಸ ಕೊಡುವುದೇ ದಾರಿ. ಅದಕ್ಕಾಗಿ ಹೊರದೇಶಗಳ ವೃದ್ಧಾಶ್ರಮಗಳಲ್ಲಿ ತೊಡೆಯ ಮೇಲೆ ಹರಡಿಕೊಳ್ಳುವ ಪುಟ್ಟ ಕೌದಿಯೊಂದನ್ನು ಕೊಡುತ್ತಾರೆ. ಎಳೆಯಲು ಜಿಪ್, ಹಾಕಿ ತೆಗೆಯಲು ಬಟನ್, ಸವರಲು ಬೇರೆ ಬೇರೆ ಬಟ್ಟೆ ಅದರಲ್ಲಿರುತ್ತವೆ. ಇದು ಮದ್ದಲ್ಲ, ಎಲ್ಲರಿಗೂ ಹಿಡಿಸುತ್ತದೆಂದೂ ಇಲ್ಲ. ಹಿಡಿಸಿದವರು ಮಾತ್ರ ಅರ್ಧ ಗಂಟೆ ನೆಮ್ಮದಿಯಿಂದ ಕೂರಬಹುದು. ನೋಡಿಕೊಳ್ಳುವ ಸೊಸೆಗೂ ಅಷ್ಟು ಹೊತ್ತು ಉಸಿರು ಬಿಡಲು ಸಮಯ ಸಿಗುತ್ತದೆ.

ಬಟ್ಟೆ ಆರಿಸುವುದು

ಹಳೆ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ ಹೊಲಿಯುವ ಕೌದಿ ನಮ್ಮವರಿಗೆ ಹೊಸದಲ್ಲ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಅಂಚಿನಿಂದ ಹೊಲಿಗೆ ಆರಂಭಿಸಿ, ಸುತ್ತುತ್ತಾ ನಡುವಿಗೆ ಬರುತ್ತಾರೆ. ಅವರಲ್ಲಿ ಕ್ರೈಸ್ತರೂ ಇದ್ದಾರೆ. ನಮಗೆ ಬೇಕಾದದ್ದು ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲದ್ದು ಮಾತ್ರ. ಅದಕ್ಕಿಂತ ದೊಡ್ಡದಾದರೆ ಕಾಲಿಗೆ ತೊಡರಿ ಬೀಳುವ ಭಯವಿದೆ.

ಹಿರಿಯರಿಗೆ ಪರಿಚಿತವಾದ ಬಟ್ಟೆಯೇ ಒಳ್ಳೆಯದು: ಅವರದೇ ಸೀರೆಯ ಅಂಚು, ಬೈರಾಸಿನ ತುಂಡು, ಮಖಮಲ್, ಒರಟು ಕೋರಾ ಬಟ್ಟೆ. ಚಿಕ್ಕ ಚಿಕ್ಕ ಚುಕ್ಕೆಗಳಿರುವುದು ಬೇಡ, ಇರುವೆಯೆಂದು ಹೆಕ್ಕುತ್ತಾ ಕೂರುತ್ತಾರೆ. ಅಗಲವಾದ ಕಪ್ಪು ತುಂಡು ಕೆಲವರಿಗೆ ಹೊಂಡದಂತೆ ಕಾಣುತ್ತದೆ. ಒಂದಕ್ಕೊಂದು ಎದ್ದು ಕಾಣುವ ದೊಡ್ಡ ಬಣ್ಣಗಳಿರಲಿ. ಬಣ್ಣ ಬಿಡುವುದೂ ಕುಗ್ಗುವುದೂ ಮೊದಲೇ ಆಗಿಹೋಗಲೆಂದು ಎಲ್ಲವನ್ನೂ ಒಮ್ಮೆ ಒಗೆದು ಒಣಗಿಸಿ.

ಮೆಷಿನ್ ಕೆಲಸ, ಕೈ ಕೆಲಸ

ಎಳೆತ ಬೀಳುವ ಕಡೆ ಮೆಷಿನ್ ಹೊಲಿಗೆಯೇ ಬೇಕು. ಮೊದಲು ಆರೋ ಎಂಟೋ ತುಂಡುಗಳನ್ನು ಮೆಷಿನ್‌ನಲ್ಲಿ ಜೋಡಿಸಿ ಮೇಲ್ಪದರ ಮಾಡಿ. ಅದರ ಮೇಲೆ ದೊಡ್ಡ ಹಲ್ಲಿನ ಪ್ಲಾಸ್ಟಿಕ್ ಜಿಪ್, ಕೈ ತೂರುವಷ್ಟು ಅಗಲದ ಜೇಬು, ವೆಲ್ಕ್ರೋ ಪಟ್ಟಿ ಇವನ್ನು ಎರಡೆರಡು ಸಾಲು ಹೊಲಿದು ಕೂರಿಸಿ. ಜೇಬಿನ ಮೂಲೆಗಳಲ್ಲಿ ಹಿಂದೆ ಮುಂದೆ ಮೂರು ಸಲ ಹೊಲಿಯಿರಿ.

ಬಟನ್, ಮಣಿಗಳು ಕೈ ಹೊಲಿಗೆಯ ಕೆಲಸ. ಬಟನ್ ಒಂದು ಅಂಗುಲಕ್ಕಿಂತ ದೊಡ್ಡದಿರಲಿ. ಜೋಡಿ ದಾರದಲ್ಲಿ ಹೊಲಿದು, ಬಟ್ಟೆಯ ಹಿಂಬದಿಗೆ ಒಂದು ಚಿಕ್ಕ ಬಟನ್ ಸೇರಿಸಿ ಕಟ್ಟಿದರೆ ಎಳೆದರೂ ಬಟ್ಟೆ ಹರಿಯುವುದಿಲ್ಲ. ಜಪಸರ ಹಿಡಿದು ರೂಢಿಯಾದವರಿಗೆ ದೊಡ್ಡ ಮರದ ಮಣಿ ಹತ್ತನ್ನು ಗಟ್ಟಿ ಹುರಿಯಲ್ಲಿ ಪೋಣಿಸಿ, ಎರಡೂ ತುದಿಗಳನ್ನು ಕೌದಿಗೆ ಭದ್ರವಾಗಿ ಹೊಲಿದುಬಿಡಿ. ಮಣಿ ಸರಿಸಲು ನಡುವೆ ಸ್ವಲ್ಪ ಜಾಗವಿರಲಿ.

ಇಷ್ಟಾದ ಮೇಲೆಯೇ ನಡುವೆ ಹಳೆ ಹತ್ತಿ ಬಟ್ಟೆ, ಕೆಳಗೆ ಜಾರದ ದಪ್ಪ ಬಟ್ಟೆ ಇಟ್ಟು ಮೂರೂ ಪದರಗಳನ್ನು ಸೇರಿಸಬೇಕು. ಹಾಗೆ ಮಾಡಿದರೆ ಗಂಟುಗಳೆಲ್ಲ ಒಳಗೆ ಅಡಗುತ್ತವೆ. ಪದರಗಳು ಸರಿಯದಂತೆ ಕೌದಿಯ ಓಡು ಹೊಲಿಗೆಯನ್ನು ಕೈಯಲ್ಲಿ ಹಾಕಿ, ಅಂಚಿಗೆ ಪಟ್ಟಿ ಇಟ್ಟು ಮೆಷಿನ್‌ನಲ್ಲಿ ಮುಗಿಸಿ. ದಪ್ಪ ಪದರಕ್ಕೆ 16ನೇ ನಂಬರಿನ ಸೂಜಿ, ಉದ್ದ ಹೊಲಿಗೆ ಒಳ್ಳೆಯದು.

ಎಚ್ಚರ ಬೇಕಾದದ್ದು

ಮರೆವಿನ ರೋಗಿಗಳು ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವುದುಂಟು. ಆದುದರಿಂದ ಅಡಿಕೆ, ಕಾಳು, ಸಣ್ಣ ಮಣಿ, ಗೆಜ್ಜೆ, ಅಯಸ್ಕಾಂತ, ಬ್ಯಾಟರಿ ಇರುವ ಆಟಿಕೆ ಯಾವುದನ್ನೂ ಹಾಕಬಾರದು. ಕುತ್ತಿಗೆಗೆ ಸುತ್ತಿಕೊಳ್ಳುವಷ್ಟು ಉದ್ದದ ಲಾಡಿ, ಹಗ್ಗ ಬೇಡವೇ ಬೇಡ. ಹೊಲಿಗೆ ಮುಗಿದ ಮೇಲೆ ಸೂಜಿ, ಪಿನ್ನುಗಳನ್ನು ಎಣಿಸಿ, ಕೌದಿಯ ಮೇಲೆಲ್ಲ ಒಂದು ಅಯಸ್ಕಾಂತ ಆಡಿಸಿ ನೋಡಿ. ಪ್ರತಿಯೊಂದು ಬಟನ್, ಮಣಿಯನ್ನು ಬಲವಾಗಿ ಜಗ್ಗಿ ಪರೀಕ್ಷಿಸಿ. ವಾರಕ್ಕೊಮ್ಮೆ ಹಾಗೆಯೇ ನೋಡುತ್ತಿರಿ, ಸಡಿಲವಾದುದನ್ನು ಆಗಲೇ ತೆಗೆಯಿರಿ.

ಸಂಜೆ ಹೊತ್ತಾಗುತ್ತಿದ್ದಂತೆ ಹಲವರಿಗೆ ಚಡಪಡಿಕೆ ಹೆಚ್ಚುತ್ತದೆ. ಅದಕ್ಕೆ ಸ್ವಲ್ಪ ಮೊದಲೇ ಕೌದಿಯನ್ನು ತೊಡೆಯ ಮೇಲಿಡಿ. "ಅಮ್ಮ, ಈ ಜಿಪ್ ಹಾಕಿಕೊಡಿ" ಎಂದು ನೆರವು ಕೇಳಿ. ಆಟಕ್ಕೆ ಕೊಟ್ಟಂತೆ ಕೊಟ್ಟರೆ ಹಿರಿಯರಿಗೆ ಅವಮಾನ, ಕೆಲಸಕ್ಕೆ ಕರೆದರೆ ಗೌರವ. ಬೇಡವೆಂದು ತಳ್ಳಿದರೆ ಒತ್ತಾಯ ಬೇಡ. ಕೊಟ್ಟು ಒಳಗೆ ಹೋಗಿಬಿಡುವುದೂ ಬೇಡ, ಕಣ್ಣಳತೆಯಲ್ಲಿರಿ. ಮಲಗುವಾಗ ಎತ್ತಿಡಿ.

ನಮ್ಮಲ್ಲಿ ಅನೇಕ ಮನೆಗಳಲ್ಲಿ ಹೊಲಿಗೆ ಮೆಷಿನ್ ಇದೆ, ಹಳೆ ಬಟ್ಟೆಗೆ ಬರವಿಲ್ಲ. ಎರಡು ಮೂರು ಮಧ್ಯಾಹ್ನ ಸಾಕು. ವಾರ್ಡಿನ ಗುರಿಕಾರರು ಮುಂದಿನ ಕುಟುಂಬ ಸಭೆಯಲ್ಲಿ, ಇಂಥ ಹಿರಿಯರು ಯಾವ ಮನೆಯಲ್ಲಿದ್ದಾರೆಂದು ಮೆಲ್ಲನೆ ವಿಚಾರಿಸಲಿ. ಕೌದಿ ಕೊಡಲು ಹೋದವರು ಹತ್ತು ನಿಮಿಷ ಆ ಹಿರಿಯರ ಪಕ್ಕದಲ್ಲಿ ಕುಳಿತು, ಅವರ ಜೊತೆ ಒಂದು ಬಟನ್ ಹಾಕಿ ತೆಗೆದು ಬರಲಿ.